ಸುಷ್ಮಾ ಸ್ವರಾಜ್‌ಗೆ ಬಳ್ಳಾರಿ: ಪಕ್ಷ ಕೊಟ್ಟ ಅವಕಾಶನಾ, ಬಲಿನಾ?

ಬಯಲುಸೀಮೆ_ಓದುಗ

ತುಂಬಾ ದಿನದಿಂದ ಇಲ್ಲಿ ಕೇಳಬೇಕು ಅಂತಿದ್ದೆ. ಬಿಜೆಪಿಯ ಸುಷ್ಮಾ ಸ್ವರಾಜ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು 1999ರ ಬಳ್ಳಾರಿ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಎದುರು ನಿಂತರು, ಕನ್ನಡ ಕಲಿತು ಭಾಷಣ ಮಾಡಿದರು, 56,100 ಮತಗಳಿಂದ ಸೋತರು. ಆದರೂ "ಸೋತು ಗೆದ್ದವರು" ಅಂತ ಇವತ್ತಿಗೂ ಹೇಳುತ್ತಾರೆ.

ಅವರ ರಾಜಕೀಯವನ್ನು ಮೊದಲಿಂದ ನೋಡಿಕೊಂಡು ಬಂದರೆ ನನಗೆ ಬೇರೇನೋ ಕಾಣಿಸುತ್ತದೆ. 1977ರಲ್ಲಿ ಹರಿಯಾಣದ ಅಂಬಾಲಾ ಕಂಟೋನ್ಮೆಂಟ್‌ನಿಂದ ಶಾಸಕಿ. ವಯಸ್ಸು 25. ದೇವಿಲಾಲ್ ಸರ್ಕಾರದಲ್ಲಿ ಮಂತ್ರಿ. ಆಮೇಲೆ ದೆಹಲಿಗೆ ಹೋಗೋಣ ಅಂದರೆ ಸಿಕ್ಕಿದ್ದು ಕರ್ನಾಲ್ ಲೋಕಸಭಾ ಕ್ಷೇತ್ರ. 1980, 1984, 1989, ಮೂರು ಸಲವೂ ಸೋಲು. ಮೂರು ಸಲವೂ ಎದುರಿಗಿದ್ದವರು ಕಾಂಗ್ರೆಸ್ಸಿನ ಚಿರಂಜಿ ಲಾಲ್ ಶರ್ಮಾ. 1998ರ ಅಕ್ಟೋಬರ್‌ನಲ್ಲಿ ಈರುಳ್ಳಿ ಬೆಲೆ ಆಕಾಶಕ್ಕೆ ಹೋಗಿ ದೆಹಲಿ ಜನ ಕೊತ ಕೊತ ಕುದೀತಿದ್ದಾಗ ಸಾಹಿಬ್ ಸಿಂಗ್ ವರ್ಮಾ ಅವರನ್ನು ಇಳಿಸಿ ಇವರನ್ನು ಮುಖ್ಯಮಂತ್ರಿ ಮಾಡಿದರು. ಚುನಾವಣೆಗೆ ಆರು ವಾರ ಇತ್ತು ಅಷ್ಟೇ. ಪಕ್ಷ ಸೋತಿತು. ಮರುವರ್ಷ ಬಳ್ಳಾರಿ. 1952ರಿಂದ ಕಾಂಗ್ರೆಸ್ ಒಮ್ಮೆಯೂ ಸೋಲದ ಸೀಟು.

ಇದನ್ನು ಧೈರ್ಯ ಅನ್ನಬೇಕಾ? ಇಲ್ಲಾ, ಗೆಲ್ಲೋ ಸೀಟು ಗಂಡಸರಿಗೆ, ಸೋಲೋ ಸೀಟು ಹೆಂಗಸಿಗೆ ಅನ್ನೋ ಹಳೇ ಲೆಕ್ಕ ಅನ್ನಬೇಕಾ? ಪಕ್ಷದ ಜಗಳ ಬೇಡ. ಈ ಒಂದು ವಿಷಯ ಮಾತಾಡೋಣ.

ಕರಿಕೋಟು

ಲೆಕ್ಕದಲ್ಲಿ ದಕ್ಷಿಣ ದೆಹಲಿ ಬಿಟ್ಟಿರಲ್ಲ ಸರ್. 1996 ಮತ್ತು 1998ರಲ್ಲಿ ಅಲ್ಲಿಂದ ಲೋಕಸಭೆಗೆ ಗೆದ್ದರು. ಅದೇನೂ ಬಿಜೆಪಿಗೆ ಕಷ್ಟದ ಸೀಟಾಗಿರಲಿಲ್ಲ. 1990ರಲ್ಲಿ ರಾಜ್ಯಸಭೆಗೂ ಕಳಿಸಿದ್ದರು. ಹಾಗಾಗಿ "ಬರೀ ಬೆಂಕಿಗೆ ತಳ್ಳಿದರು" ಅನ್ನೋದು ಪೂರ್ತಿ ನಿಜ ಅಲ್ಲ.

ಇನ್ನೊಂದು. 1977ರ ಗೆಲುವು ಸುಮ್ನೆ ಅಲೆಯಲ್ಲಿ ಬಂದದ್ದು ಅಂತ ತಿಳಿಯಬೇಡಿ. ಚಂಡೀಗಢದಲ್ಲಿ ಕಾನೂನು ಓದಿದವರು. ತುರ್ತು ಪರಿಸ್ಥಿತಿಯಲ್ಲಿ, ಸರ್ಕಾರಿ ಆಸ್ತಿ ಸ್ಫೋಟಿಸೋಕೆ ಸಂಚು ಮಾಡಿದರು ಅನ್ನೋ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಜಾರ್ಜ್ ಫರ್ನಾಂಡಿಸ್ ಪರವಾಗಿದ್ದ ವಕೀಲರ ತಂಡದಲ್ಲಿದ್ದರು, ಗಂಡ ಸ್ವರಾಜ್ ಕೌಶಲ್ ಕೂಡ. ಆಗ ಸರ್ಕಾರದ ವಿರುದ್ಧ ಕೇಸು ಹಿಡಿಯೋಕೆ ದೊಡ್ಡ ದೊಡ್ಡ ವಕೀಲರೇ ಹಿಂದೆ ಮುಂದೆ ನೋಡುತ್ತಿದ್ದರು. ಮದುವೆಯಾಗಿದ್ದು 1975ರ ಜುಲೈನಲ್ಲಿ, ಎಮರ್ಜೆನ್ಸಿ ಬಂದು ಮೂರು ವಾರ ಆಗಿತ್ತು. ಹೊಸ ಸಂಸಾರ ಶುರುವಾಗಿದ್ದೇ ಇಂಥ ಕೇಸುಗಳ ನಡುವೆ. ಜಾರ್ಜ್ ನಮ್ಮ ಮಂಗಳೂರಿನವರು. ಅಂದರೆ ಕರ್ನಾಟಕದ ನಂಟು ಬಳ್ಳಾರಿಗೂ ಮುಂಚೆನೇ ಇತ್ತು.

ಬಯಲುಸೀಮೆ_ಓದುಗ

@ಕರಿಕೋಟು ದಕ್ಷಿಣ ದೆಹಲಿ ಬಿಟ್ಟಿದ್ದು ಬೇಕಂತಲೇ. ಆ ಸೀಟಿನ ಕಥೆ ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. 1999ರಲ್ಲಿ ಅಲ್ಲಿ ಬಿಜೆಪಿಯಿಂದ ನಿಂತವರು ವಿ.ಕೆ. ಮಲ್ಹೋತ್ರಾ. ಎದುರಿಗೆ ಮನಮೋಹನ್ ಸಿಂಗ್. ಮಲ್ಹೋತ್ರಾ ಗೆದ್ದರು. ಎರಡು ಸಲ ಗೆದ್ದ ಹೆಂಗಸು ಅದೇ ಹೊತ್ತಿಗೆ ಬಳ್ಳಾರಿಯ ಬಿಸಿಲಲ್ಲಿ ಕೈ ಮುಗಿಯುತ್ತಾ ತಿರುಗುತ್ತಿದ್ದರು.

ದೆಹಲಿ ಮುಖ್ಯಮಂತ್ರಿ ವಿಷಯ ಇನ್ನೂ ವಿಚಿತ್ರ. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದರು. ಸಿನಿಮಾಗೆ ಉದ್ಯಮದ ಸ್ಥಾನ ಕೊಡುತ್ತೇವೆ ಅಂತ 1998ರಲ್ಲಿ ಘೋಷಣೆ ಮಾಡಿ ಆರು ತಿಂಗಳೂ ಆಗಿರಲಿಲ್ಲ. ಆ ಕುರ್ಚಿಯಿಂದ ಎಬ್ಬಿಸಿ ಇಲ್ಲಿ ಕೂರಿಸಿದರು. ಅಡುಗೆ ಸೀದು, ನೆಂಟರೆಲ್ಲ ಮುಖ ಸಿಂಡರಿಸಿಕೊಂಡು ಎದ್ದ ಮೇಲೆ ಬಡಿಸೋಕೆ ಸೊಸೆಯನ್ನು ಕರೆದ ಹಾಗೆ. 70 ಸೀಟಿನಲ್ಲಿ ಬಿಜೆಪಿಗೆ 15, ಕಾಂಗ್ರೆಸ್‌ಗೆ 52. ತಾವು ಮಾತ್ರ ಹೌಜ್ ಖಾಸ್‌ನಲ್ಲಿ ಗೆದ್ದರು. ಆಮೇಲೆ ಆ ಶಾಸಕ ಸ್ಥಾನ ಬಿಟ್ಟುಕೊಟ್ಟು ಸಂಸದೆಯಾಗಿ ಉಳಿದರು.

ಗುರುಗ್ರಾಮದ_ಕನ್ನಡಿಗ

ಹರಿಯಾಣದಲ್ಲಿ ಕೆಲಸ ಮಾಡಿಕೊಂಡಿರುವವನು ನಾನು. ಈ ಕಡೆಯ ರಾಜಕೀಯ ಅಂದರೆ ಜಾಟರ ರಾಜಕೀಯ. ಲಾಲ್‌ಗಳ ರಾಜಕೀಯ ಅಂತಾರೆ: ದೇವಿಲಾಲ್, ಬನ್ಸಿಲಾಲ್, ಭಜನ್‌ಲಾಲ್. ಅದರಲ್ಲಿ ಭಜನ್‌ಲಾಲ್ ಜಾಟರಲ್ಲ, ಬಿಷ್ಣೋಯಿ. ಆದರೆ ಮೂವರದೂ ಒಂದೊಂದು ಮನೆತನ, ಮಕ್ಕಳು ಮೊಮ್ಮಕ್ಕಳ ತನಕ ಬಂದಿದೆ. ಇಂಥ ಕಡೆ ಅಪ್ಪನ ಹೆಸರಿಲ್ಲದೆ, ಜಾಟಳೂ ಅಲ್ಲದೆ, 25ನೇ ವಯಸ್ಸಿಗೆ ಮಂತ್ರಿಯಾಗಿ 27ಕ್ಕೆ ರಾಜ್ಯ ಜನತಾ ಪಕ್ಷದ ಅಧ್ಯಕ್ಷೆ ಆದದ್ದು ಸಣ್ಣ ವಿಷಯ ಅಲ್ಲ.

ಆದರೆ ಅಲ್ಲೇ ಉಳಿದಿದ್ದರೆ ಅದಕ್ಕಿಂತ ಮೇಲೆ ಹೋಗುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. 1987ರಲ್ಲಿ ಅಂಬಾಲಾದಿಂದ ಮತ್ತೆ ಗೆದ್ದು ಶಿಕ್ಷಣ ಸಚಿವೆಯಾದರು. ಅದು ಮತ್ತೆ ದೇವಿಲಾಲ್ ಸರ್ಕಾರ. ಬಿಜೆಪಿ ಅಲ್ಲಿ ಬರೀ ಜೊತೆಗಾರ ಪಕ್ಷ. ಸ್ವಂತ ಬಲದಲ್ಲಿ ಬಿಜೆಪಿ ಹರಿಯಾಣದಲ್ಲಿ ಅಧಿಕಾರಕ್ಕೆ ಬಂದದ್ದು 2014ರಲ್ಲಿ. ಅಷ್ಟು ವರ್ಷ ಕಾಯುತ್ತಾ ಕೂತಿದ್ದರೆ ಏನಾಗುತ್ತಿತ್ತು ಹೇಳಿ.

ಅದಕ್ಕೇ ಅವರಿಗೆ ದೆಹಲಿ ಬೇಕಾಗಿತ್ತು. ಸ್ವಂತ ಕೋಟೆ ಇಲ್ಲದವರು ಪಕ್ಷ ಹೇಳಿದ ಕಡೆ ಹೋಗಲೇಬೇಕು. ಅದು ಗಂಡಸಿಗೂ ಒಂದೇ. ವೆಂಕಯ್ಯ ನಾಯ್ಡು ಆಂಧ್ರದವರು, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಲಿಲ್ವಾ?

ಕೌಲ್‌ಬಜಾರ್_ಅಕ್ಕ

ಬಳ್ಳಾರಿಯವಳು ನಾನು. 1999ರಲ್ಲಿ ನನಗಿನ್ನೂ ಓಟು ಬಂದಿರಲಿಲ್ಲ. ಆದರೆ ಆ ಚುನಾವಣೆ ನಮ್ಮ ಊರಿನವರು ಮರೆಯುವಂಥದ್ದಲ್ಲ.

ಸೋನಿಯಾ ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನ ಕೊನೇ ಗಳಿಗೆವರೆಗೂ ಗುಟ್ಟಾಗಿ ಇಟ್ಟಿದ್ದರು. ಕಡಪ ಅಂತ ಸುದ್ದಿ ಇತ್ತು. ಆಗಸ್ಟ್ 18, ನಾಮಪತ್ರಕ್ಕೆ ಕೊನೇ ದಿನ, ಹೈದರಾಬಾದ್ ಕಡೆಯಿಂದ ಬಳ್ಳಾರಿಗೆ ಬಂದಿಳಿದರು. ಅದೇ ದಿನ ಸುಷ್ಮಾನೂ ಬಂದರು. ಮೋತಿ ಸರ್ಕಲ್, ರಾಯಲ್ ಸರ್ಕಲ್ ಕಡೆ ಹೋದವರೆಲ್ಲ ಅದೇ ಮಾತು. ದೆಹಲಿ, ಬೊಂಬಾಯಿ ಪೇಪರಿನವರು, ಟಿವಿಯವರು ಬಂದು ಲಾಡ್ಜುಗಳೆಲ್ಲ ತುಂಬಿದವು.

ಅದು ಶ್ರಾವಣ ಮಾಸ. ವರಮಹಾಲಕ್ಷ್ಮಿ ಹಬ್ಬದ ಹೊತ್ತು. ದೊಡ್ಡ ಕುಂಕುಮ, ರೇಷ್ಮೆ ಸೀರೆ, ಮೇಲೊಂದು ತೋಳಿಲ್ಲದ ಜಾಕೀಟು ಹಾಕಿಕೊಂಡ ಹೆಂಗಸು ಬಂದು ಅರಿಶಿನ ಕುಂಕುಮ ತಗೊಂಡು, ಮಡಿಲು ತುಂಬಿಸಿಕೊಂಡು, ಕನ್ನಡದಲ್ಲಿ ನಾಲ್ಕು ಮಾತಾಡಿದರೆ ನಮ್ಮ ಓಣಿ ಹೆಂಗಸರು ಸುಮ್ಮನಿರುತ್ತಾರಾ? ನಮ್ಮವ್ವ ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಸಭೆಗೆ ಹೋಗಿ ಬಂದಳು. ಒಂದು ವಾರ ಅದನ್ನೇ ಹೇಳಿದ್ದೇ ಹೇಳಿದ್ದು. ಎಷ್ಟು ಚಂದ ಮಾತಾಡುತ್ತಾಳವ್ವ, ನಮ್ಮ ಮನೆ ಹೆಣ್ಣುಮಗಳ ಹಾಗೆ ಇದ್ದಾಳೆ ಅಂತ.

ಓಟು ಹಾಕಿದ್ದು ಮಾತ್ರ ಕೈಗೆ.

ಅಪ್ಪ ಕೇಳಿದರೆ "ಇಂದಿರಮ್ಮನ ಸೊಸೆ ಕಣ್ರೀ, ಗಂಡನ್ನ ಕಳಕೊಂಡು ಬಂದಾಳ, ಬರಿಗೈಲಿ ಕಳಿಸೋಕಾಗುತ್ತಾ" ಅಂದಳು. ಮೂರೂವರೆ ಲಕ್ಷ ಜನ ಸುಷ್ಮಾಗೆ ಹಾಕಿದರು, ನಮ್ಮವ್ವನಂಥವರು ನಾಲ್ಕು ಲಕ್ಷ ಚಿಲ್ಲರೆ ಇದ್ದರು.

ಸುಮ್ನೆ_ಓದುಗ

ಅಕ್ಕಾ, ನಿಮ್ಮವ್ವ ಒಂದೇ ಮಾತಲ್ಲಿ ಇಡೀ ಚುನಾವಣೆ ಹೇಳಿಬಿಟ್ಟರು. ಬಿಜೆಪಿಯವರ ಘೋಷಣೆ ಏನಿತ್ತು? ಸ್ವದೇಶಿ ಮಗಳು, ವಿದೇಶಿ ಸೊಸೆ. ಹಿಂದಿಯಲ್ಲಿ ಕೇಳೋಕೆ ಜೋರಾಗೇ ಇತ್ತು. ಆದರೆ ನಮ್ಮ ಹಳ್ಳಿ ಲೆಕ್ಕದಲ್ಲಿ ಮಗಳು ಕೊಟ್ಟ ಮನೆಗೆ ಹೋಗುವವಳು. ಸೊಸೆ ಬಂದ ಮೇಲೆ ಅವಳೇ ಆ ಮನೆಯವಳು. ಎಲ್ಲಿಂದ ಬಂದಳು ಅಂತ ಯಾರೂ ಕೇಳಲ್ಲ, ದೀಪ ಹಚ್ಚುವವಳು ಅವಳೇ. ಆ ಘೋಷಣೆ ಬರೆದವನಿಗೆ ಬಳ್ಳಾರಿ ಗೊತ್ತಿರಲಿಲ್ಲ.

ಜೊತೆಗೆ ಪ್ರಿಯಾಂಕಾ ಬೇರೆ ಬಂದು ಪ್ರಚಾರ ಮಾಡಿದರು. ಅದೇ ಚುನಾವಣೆಯಲ್ಲಿ ವಿಧಾನಸಭೆಗೂ ಮತದಾನ ಇತ್ತು, ಎಸ್.ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ 132 ಸೀಟು ಗೆದ್ದಿತು. ಗಾಳಿ ಆ ಕಡೆ ಬೀಸುತ್ತಿದ್ದಾಗ ಅಂತರ 56 ಸಾವಿರಕ್ಕೆ ಇಳಿಸಿದ್ದು ಕಡಿಮೆ ಸಾಧನೆ ಅಲ್ಲ. 1978ರಲ್ಲಿ ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿ ಎದುರು ವೀರೇಂದ್ರ ಪಾಟೀಲರು, ಅದೂ ನಮ್ಮ ರಾಜ್ಯದ ಮಾಜಿ ಮುಖ್ಯಮಂತ್ರಿ, 70 ಸಾವಿರಕ್ಕೂ ಜಾಸ್ತಿ ಮತದಿಂದ ಸೋತಿದ್ದರು. ಇವರು ಅಂಬಾಲಾದಿಂದ ಬಂದವರು.

ಕರಿಕೋಟು

ಮತ್ತೆ ಸೋನಿಯಾ ಏನು ಮಾಡಿದರು? ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. 2000ದಲ್ಲಿ ಉಪಚುನಾವಣೆ ಆಯಿತು, ಕೋಳೂರು ಬಸವನಗೌಡರು ಗೆದ್ದರು. ಗೆದ್ದವರು ತಿರುಗಿ ನೋಡಲಿಲ್ಲ, ಸೋತವರು ವರ್ಷಾ ವರ್ಷಾ ವರಮಹಾಲಕ್ಷ್ಮಿ ಪೂಜೆಗೆ ಬಂದು ಹೋದರು. "ಸೋತು ಗೆದ್ದರು" ಅನ್ನೋ ಮಾತು ಹುಟ್ಟಿದ್ದು ಅಲ್ಲಿ. 2004ರಲ್ಲಿ ಬಳ್ಳಾರಿ ಲೋಕಸಭೆ ಮೊದಲ ಸಲ ಕಾಂಗ್ರೆಸ್ ಕೈ ತಪ್ಪಿತು.

ಗಣಿಧೂಳು

ಹೌದೌದು, ವರ್ಷಾ ವರ್ಷಾ ಬಂದರು. ಬಂದು ಯಾರ ತಲೆ ಮೇಲೆ ಕೈ ಇಟ್ಟರು ಅನ್ನೋದನ್ನೂ ಹೇಳಿ ಸರ್. 2004ರಲ್ಲಿ ಗೆದ್ದವರು ಜಿ. ಕರುಣಾಕರ ರೆಡ್ಡಿ. ಅವರ ತಮ್ಮ ಗಣಿ ಉದ್ಯಮಿ ಜನಾರ್ದನ ರೆಡ್ಡಿ, ಆಪ್ತ ಶ್ರೀರಾಮುಲು ಇವರೆಲ್ಲ ಬಿಜೆಪಿಯಲ್ಲಿ ಮೇಲೆ ಬಂದ ದಾರಿ ಶುರುವಾಗಿದ್ದೇ 1999ರ ಪ್ರಚಾರದಿಂದ. ಅಕ್ಕಪಕ್ಕ ರೆಡ್ಡಿ, ರಾಮುಲು, ನಡುವೆ ಸುಷ್ಮಾ ಆಶೀರ್ವಾದ ಮಾಡುತ್ತಿರುವ ಫೋಟೋ ಕರ್ನಾಟಕದಲ್ಲಿ ನೋಡದವರು ಯಾರಿದ್ದಾರೆ? "ತಾಯಿ" ಅಂತಿದ್ದರು.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಜನಾರ್ದನ ರೆಡ್ಡಿಯನ್ನು ಸಿಬಿಐ ಬಂಧಿಸಿತು. ಆ ವರ್ಷವೇ ಸುಷ್ಮಾ ಸಂದರ್ಶನದಲ್ಲಿ, ರೆಡ್ಡಿಗಳನ್ನು ರಾಜ್ಯದಲ್ಲಿ ಮಂತ್ರಿ ಮಾಡಿದ್ದರಲ್ಲಿ ನನ್ನ ಪಾತ್ರ ಇಲ್ಲ ಅಂದರು. ಗಣಿ ಗಲಾಟೆ ಜೋರಾದ ಮೇಲೆ ಹಬ್ಬಕ್ಕೆ ಬರುವುದೂ ನಿಂತಿತು.

ನನ್ನ ಪ್ರಶ್ನೆ ಇಷ್ಟೇ. ಬಳ್ಳಾರಿ ಅವರಿಗೆ ಬಲಿ ಆಯ್ತಾ ಅಂತ ಕೇಳುತ್ತೀರಿ. ಅವರಿಂದ ಬಳ್ಳಾರಿಗೆ ಏನಾಯ್ತು ಅಂತ ಯಾಕೆ ಕೇಳಲ್ಲ? ಸಂಡೂರಿನ ಕೆಂಪು ಧೂಳು ಕುಡಿದವರು ನಾವು. ಲಾರಿ ಸಾಲು ನೋಡಿದ್ದೀರಾ ಆ ಕಾಲದಲ್ಲಿ? ರಸ್ತೆ ದಾಟೋಕೆ ಅರ್ಧ ಗಂಟೆ ಕಾಯಬೇಕಿತ್ತು. ಒಣ ಹಾಕಿದ ಬಟ್ಟೆ ಸಂಜೆಗೆ ಕೆಂಪಗಾಗುತ್ತಿತ್ತು.

ಗುರುಗ್ರಾಮದ_ಕನ್ನಡಿಗ

ಗಣಿಧೂಳು ಅವರೇ, ಸಿಟ್ಟು ಅರ್ಥ ಆಗುತ್ತದೆ. ಆದರೆ ಗಣಿ ಹಣ ಎಲ್ಲಾ ಪಕ್ಷದಲ್ಲೂ ಓಡಾಡಿದ ಕಾಲ ಅದು. ಅದಿರಿನ ಬೆಲೆ ಏರಿದ್ದು ಚೀನಾ ಕೊಳ್ಳೋಕೆ ಶುರು ಮಾಡಿದ್ದರಿಂದ. ಸುಷ್ಮಾ ಬರಲಿ ಬಿಡಲಿ ಲಾರಿಗಳು ಬರುತ್ತಿದ್ದವು.

ಗಣಿಧೂಳು

ಲಾರಿಗಳು ಬರುತ್ತಿದ್ದವು, ಒಪ್ಪಿದೆ. ಆಶೀರ್ವಾದ ಬೇಕಾಗಿರಲಿಲ್ಲ.

ಮಲ್ಲಿಗೆ_ಮೈಸೂರು

ಈ ರೆಡ್ಡಿ ವಿಷಯದಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ, ಅದೇ ಈ ಚರ್ಚೆಗೆ ಮುಖ್ಯ ಅನಿಸುತ್ತದೆ ನನಗೆ.

2009ರ ನವೆಂಬರ್ ನೆನಪಿದೆಯಾ? ರೆಡ್ಡಿಗಳು ಯಡಿಯೂರಪ್ಪನವರ ವಿರುದ್ಧ ತಿರುಗಿ ಬಿದ್ದು ಶಾಸಕರನ್ನು ಕರೆದುಕೊಂಡು ರೆಸಾರ್ಟ್ ಸೇರಿದರು. ಮುಖ್ಯಮಂತ್ರಿ ಟಿವಿ ಮುಂದೆ ಕಣ್ಣೀರು ಹಾಕಿದರು. ದೆಹಲಿಯಲ್ಲಿ ರಾಜಿ ಮಾಡಿಸಿದವರಲ್ಲಿ ಸುಷ್ಮಾ ಇದ್ದರು. ಎರಡೂ ಕಡೆಯವರನ್ನು ಪಕ್ಕ ಪಕ್ಕ ನಿಲ್ಲಿಸಿ ಎಲ್ಲಾ ಸರಿ ಹೋಯಿತು ಅಂದರು. ಆ ರಾಜಿಗೆ ಬೆಲೆ ಕೊಟ್ಟವರು ಯಾರು? ಶೋಭಾ ಕರಂದ್ಲಾಜೆ. ಗ್ರಾಮೀಣಾಭಿವೃದ್ಧಿ ಖಾತೆ ನೋಡಿಕೊಳ್ಳುತ್ತಿದ್ದರು. ರಾಜೀನಾಮೆ ಕೊಡಬೇಕಾಯಿತು. ಮುಂದಿನ ವರ್ಷ ಮತ್ತೆ ಸಂಪುಟಕ್ಕೆ ಬಂದು ಇಂಧನ ಖಾತೆ ಹಿಡಿದರು, ಅದು ಬೇರೆ.

ಜಗಳ ಗಂಡಸರದು. ದುಡ್ಡು, ಗಣಿ, ವರ್ಗಾವಣೆ, ಅಧಿಕಾರ. ರಾಜಿ ಮಾಡಿಸೋಕೆ ಒಬ್ಬ ಹೆಂಗಸು ಬೇಕು, ರಾಜಿಗೆ ತೆರೋಕೂ ಒಬ್ಬ ಹೆಂಗಸು ಬೇಕು. ಓದುಗ ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಸುಷ್ಮಾ ಇಲ್ಲಿ ಬಲಿಯಾದವರ ಕಡೆ ಇರಲಿಲ್ಲ, ಮೇಜಿನ ಆ ಕಡೆ ಕೂತಿದ್ದರು.

ಬಯಲುಸೀಮೆ_ಓದುಗ

ಇದು ನಾನು ಯೋಚಿಸಿರದ ಕೋನ ಮೇಡಂ. ಆದರೆ ಅವರ ಕೈಲಿ ಎಷ್ಟಿತ್ತು ಅನ್ನೋದೂ ನೋಡಬೇಕಲ್ವಾ? 2009ರ ನವೆಂಬರ್‌ನಲ್ಲಿ ಅವರಿನ್ನೂ ವಿರೋಧ ಪಕ್ಷದ ನಾಯಕಿ ಆಗಿರಲಿಲ್ಲ. ಆಡ್ವಾಣಿ ಜಾಗಕ್ಕೆ ಬಂದದ್ದು ಡಿಸೆಂಬರ್ 21ಕ್ಕೆ. ಸರ್ಕಾರ ಉಳಿಸಿ ಅಂತ ಪಕ್ಷ ಹೇಳಿದೆ, ಉಳಿಸಿದ್ದಾರೆ.

ಮಲ್ಲಿಗೆ_ಮೈಸೂರು

ಪಕ್ಷ ಹೇಳಿತು, ಮಾಡಿದರು. ಕರ್ನಾಲ್, ದೆಹಲಿ, ಬಳ್ಳಾರಿ, ಎಲ್ಲಾ ಕಡೆ ಅದೇ ತಾನೇ? ನೀವೇ ಬಲಿ ಅಂದಿರಿ. ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಒಂದು ಕಾಲಕ್ಕೆ ಅವರ ತಲೆ ಮೇಲೆ ಬಂತು, ಇನ್ನೊಂದು ಕಾಲಕ್ಕೆ ಬೇರೆಯವಳ ತಲೆ ಮೇಲೆ.

2004 ಕೂಡ ನನಗೆ ಮರೆಯೋಕಾಗಿಲ್ಲ. ಸೋನಿಯಾ ಪ್ರಧಾನಿ ಆದರೆ ತಲೆ ಬೋಳಿಸಿಕೊಳ್ಳುತ್ತೇನೆ, ಬಿಳಿ ಸೀರೆ ಉಡುತ್ತೇನೆ, ನೆಲದ ಮೇಲೆ ಮಲಗುತ್ತೇನೆ, ಕಡಲೆ ತಿಂದು ಬದುಕುತ್ತೇನೆ ಅಂದರು. ಅದೆಲ್ಲ ಯಾರ ಬದುಕು? ಗಂಡ ಸತ್ತ ಹೆಂಗಸಿನ ಮೇಲೆ ನಮ್ಮ ಸಮಾಜ ಹೇರಿದ್ದು ಅದೇ ಅಲ್ವಾ? ಎದುರಿಗಿದ್ದವರೂ ಗಂಡನನ್ನು ಕಳೆದುಕೊಂಡವರು. ಕಾನೂನು ಓದಿದ, ಅಷ್ಟು ಚಂದ ಮಾತು ಬಲ್ಲ ಒಬ್ಬರು ಅದನ್ನ ಬೆದರಿಕೆಯ ಹಾಗೆ ಬಳಸಿದ್ದು ನನಗೆ ಈಗಲೂ ಕಸಿವಿಸಿ ಮಾಡುತ್ತದೆ.

ಕೌಲ್‌ಬಜಾರ್_ಅಕ್ಕ

ಅವತ್ತು ನಮ್ಮವ್ವ ಟಿವಿ ಆಫ್ ಮಾಡಿದಳು. ಅಷ್ಟು ಇಷ್ಟಪಟ್ಟವಳು. ನಮ್ಮ ಅಜ್ಜಿ ಆಗಿನ್ನೂ ಬದುಕಿದ್ದಳು, ಬಿಳಿ ಸೀರೆಯಲ್ಲೇ ಇದ್ದಳು.

ಕರಿಕೋಟು

ಆ ಮಾತು ತಪ್ಪೇ. ನಾನು ಸಮರ್ಥಿಸಲ್ಲ. ಆದರೆ ಒಬ್ಬ ಮನುಷ್ಯರನ್ನು ಒಂದೇ ಮಾತಿಂದ ಅಳೆಯೋದೂ ಸರಿಯಲ್ಲ.

2010ರ ಮಾರ್ಚ್ 9ರ ಫೋಟೋ ಹುಡುಕಿ ನೋಡಿ. ಮಹಿಳಾ ಮೀಸಲಾತಿ ಮಸೂದೆ ರಾಜ್ಯಸಭೆಯಲ್ಲಿ ಪಾಸಾದ ದಿನ. ಸಂಸತ್ತಿನ ಹೊರಗೆ ಸುಷ್ಮಾ, ಕಮ್ಯುನಿಸ್ಟ್ ಪಕ್ಷದ ಬೃಂದಾ ಕಾರಟ್, ನಜ್ಮಾ ಹೆಪ್ತುಲ್ಲಾ ಮೂವರೂ ಕೈ ಹಿಡಿದುಕೊಂಡು ನಗುತ್ತಿದ್ದಾರೆ. ಬೃಂದಾ ಮತ್ತು ಸುಷ್ಮಾ ಬೇರೆ ಯಾವ ವಿಷಯದಲ್ಲಾದರೂ ಒಪ್ಪಿದ್ದರೆ ಹೇಳಿ! ಆ ಮಸೂದೆ ಅಲ್ಲಿಗೇ ನಿಂತಿತು, ಲೋಕಸಭೆಗೆ ಬರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಮಸೂದೆ ಪಾಸಾಗುವಾಗ ಅವರಿರಲಿಲ್ಲ.

ಸಂಸತ್ತಿನ ಕೆಲಸದಲ್ಲಿ ಅವರಿಗೆ ಸಮ ನಿಲ್ಲುವವರು ಕಡಿಮೆ. 1996ರಲ್ಲಿ 13 ದಿನದ ವಾಜಪೇಯಿ ಸರ್ಕಾರದಲ್ಲಿ ವಾರ್ತಾ ಸಚಿವೆ. ಅಷ್ಟರಲ್ಲೇ ವಿಶ್ವಾಸಮತದ ಚರ್ಚೆಯನ್ನು ದೂರದರ್ಶನದಲ್ಲಿ ನೇರ ಪ್ರಸಾರ ಮಾಡಿಸಿದರು. ಇವತ್ತು ಅಧಿವೇಶನ ಮೊಬೈಲಲ್ಲಿ ನೋಡುತ್ತಾ ಬೈಯುತ್ತೀವಲ್ಲ, ಆ ಸುಖ ಶುರುವಾದ ಕಾಲ ಅದು. ಆರೋಗ್ಯ ಸಚಿವೆಯಾಗಿದ್ದಾಗ ಭೋಪಾಲ್, ಪಟ್ನಾ, ಹೃಷಿಕೇಶ ಮುಂತಾದ ಆರು ಕಡೆ ಏಮ್ಸ್ ಮಾಡುವ ಯೋಜನೆಗೆ ಚಾಲನೆ ಸಿಕ್ಕಿತು.

ಬಯಲುಸೀಮೆ_ಓದುಗ

ಆರರಲ್ಲಿ ಕರ್ನಾಟಕಕ್ಕೆ ಒಂದೂ ಇಲ್ಲ ಅನ್ನೋದನ್ನೂ ಸೇರಿಸಿ. ರಾಯಚೂರಿನವರು ಏಮ್ಸ್ ಬೇಕು ಅಂತ ಧರಣಿ ಕೂತಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ದಮ್ಮಾಮ್_ಡೈರಿ

ಗಲ್ಫಿನಿಂದ ಒಂದು ಮಾತು. ಬಳ್ಳಾರಿ ನಿಮಗೆ ದೊಡ್ಡದು. ಹೊರದೇಶದಲ್ಲಿರುವವರಿಗೆ ಸುಷ್ಮಾ ಅಂದರೆ 2014ರಿಂದ 2019. ಪೂರ್ಣಾವಧಿಗೆ ವಿದೇಶಾಂಗ ಖಾತೆ ನೋಡಿಕೊಂಡ ಮೊದಲ ಮಹಿಳೆ ಅವರೇ. ಇಂದಿರಾ ಗಾಂಧಿ ಪ್ರಧಾನಿಯಾಗಿದ್ದಾಗ ಆ ಖಾತೆ ಜೊತೆಗಿಟ್ಟುಕೊಂಡಿದ್ದರು, ಅಷ್ಟೇ.

ನಮ್ಮಂಥವರಿಗೆ ರಾಯಭಾರ ಕಚೇರಿ ಅಂದರೆ ಒಂದು ಕಿಟಕಿ, ಅದರ ಹಿಂದೆ ಒಬ್ಬರು, "ನಾಳೆ ಬನ್ನಿ" ಅನ್ನುವ ಉತ್ತರ. ಪಾಸ್‌ಪೋರ್ಟ್ ಮಾಲೀಕನ ಹತ್ತಿರ, ಸಂಬಳ ಬಾಕಿ, ಊರಲ್ಲಿ ಅಪ್ಪ ತೀರಿಕೊಂಡರೂ ಹೋಗೋಕಾಗದ ಜನ ಇದ್ದರು. ಇವರು ಬಂದ ಮೇಲೆ ಯಾರೋ ಒಬ್ಬ ಮೇಸ್ತ್ರಿ ಹುಡುಗ ಟ್ವಿಟರ್‌ನಲ್ಲಿ ಬರೆದರೂ ಮಂತ್ರಿ ಉತ್ತರ ಕೊಡೋಕೆ ಶುರು ಮಾಡಿದರು. ಕಚೇರಿಯವರಿಗೆ ಭಯ ಬಂತು. ನಾನು ಹೇಳೋದು ಅದೇ, ಭಯ. ಮಂಗಳ ಗ್ರಹದಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಸಹಾಯ ಮಾಡುತ್ತದೆ ಅಂತ 2017ರಲ್ಲಿ ತಮಾಷೆಗೆ ಬರೆದರು. ನಮ್ಮ ಕ್ಯಾಂಪಿನಲ್ಲಿ ಅದನ್ನ ಎಷ್ಟು ಜನ ಸ್ಟೇಟಸ್ ಹಾಕಿಕೊಂಡಿದ್ದರು!

2015ರಲ್ಲಿ ಯೆಮೆನ್ ಯುದ್ಧ. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ ಬೇರೆ ದೇಶದವರನ್ನೂ ಹಡಗು ವಿಮಾನ ಕಳಿಸಿ ಹೊರತಂದರು.

ಸುಮ್ನೆ_ಓದುಗ

ದಮ್ಮಾಮ್ ಸಾರ್, ಅದೆಲ್ಲ ಸರಿ. ಆದರೆ ವಿದೇಶಾಂಗ ನೀತಿ ಯಾರ ಕೈಲಿತ್ತು? ಪ್ರಧಾನಿ ಕಚೇರಿ ಕೈಲಿ. ದೊಡ್ಡ ದೊಡ್ಡ ಭೇಟಿ, ಒಪ್ಪಂದ ಅಲ್ಲಿ. ಇವರಿಗೆ ಉಳಿದದ್ದು ಪಾಸ್‌ಪೋರ್ಟ್, ವೀಸಾ, ಸಿಕ್ಕಿಹಾಕಿಕೊಂಡವರ ಕಥೆ. ಅಲ್ಲೂ ಗಂಡಸರಿಗೆ ರಾಜತಾಂತ್ರಿಕತೆ, ಹೆಂಗಸಿಗೆ ಅಂತಃಕರಣ. ಜೊತೆಗೆ 2014ರಲ್ಲಿ ಇರಾಕಿನ ಮೊಸುಲ್‌ನಲ್ಲಿ ಐಸಿಸ್ ಉಗ್ರರು ಅಪಹರಿಸಿದ ಭಾರತೀಯ ಕಾರ್ಮಿಕರ ವಿಷಯ. 39 ಜನ ಬದುಕಿದ್ದಾರೆ ಅನ್ನೋ ಆಸೆಯಲ್ಲಿ ಕುಟುಂಬಗಳು ನಾಲ್ಕು ವರ್ಷ ಕಾದವು, 2018ರ ಮಾರ್ಚ್‌ನಲ್ಲಿ ಸತ್ತಿದ್ದಾರೆ ಅಂತ ಸಂಸತ್ತಿನಲ್ಲಿ ಹೇಳಿದರು.

ದಮ್ಮಾಮ್_ಡೈರಿ

ಮೊಸುಲ್ ಬಗ್ಗೆ ನಾನೇನೂ ವಾದ ಮಾಡಲ್ಲ. ಆ ಮನೆಗಳವರ ನೋವು ಅವರಿಗೇ ಗೊತ್ತು. ಸಾಕ್ಷಿ ಸಿಗದೆ ಸತ್ತರು ಅಂತ ಹೇಳುವುದು ಪಾಪ ಅನ್ನುವುದು ಅವರ ನಿಲುವಾಗಿತ್ತು.

ಆದರೆ ಪಾಸ್‌ಪೋರ್ಟ್ ಸಣ್ಣ ಕೆಲಸ ಅನ್ನಬೇಡಿ. ಒಪ್ಪಂದ ಪೇಪರಲ್ಲಿ ಓದುತ್ತೇವೆ. ಪಾಸ್‌ಪೋರ್ಟ್ ಜೇಬಲ್ಲಿ ಇರುತ್ತದೆ. ಕರಾವಳಿಯಿಂದ, ಭಟ್ಕಳದಿಂದ, ಕಲಬುರಗಿ ಕಡೆಯಿಂದ ಇಲ್ಲಿಗೆ ಬಂದವರನ್ನು ಕೇಳಿ ನೋಡಿ.

ಮಲ್ಲಿಗೆ_ಮೈಸೂರು

ಈ ಒಂದು ವಿಷಯದಲ್ಲಿ ದಮ್ಮಾಮ್ ಅವರ ಪರ ನಾನು. ಆಗ ದೇಶಕ್ಕೆಲ್ಲ ಸೇರಿ 77 ಪಾಸ್‌ಪೋರ್ಟ್ ಸೇವಾ ಕೇಂದ್ರ. ಮೈಸೂರಿನವರು ಬೆಂಗಳೂರಿಗೆ ಓಡಬೇಕಿತ್ತು. ಬೆಳಗಿನ ಜಾವದ ಬಸ್ಸು, ಒಂದು ದಾಖಲೆ ಕಡಿಮೆ ಆದರೆ ಮತ್ತೆ ಇನ್ನೊಂದು ದಿನ. ವಯಸ್ಸಾದ ಅಪ್ಪ ಅಮ್ಮ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕು ಅಂದರೆ ಅದೇ ದೊಡ್ಡ ಯಾತ್ರೆ. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಶುರು ಮಾಡಿದರು. ಪ್ರಯೋಗಕ್ಕೆ ಅಂತ ಮೊದಲು ತೆರೆದದ್ದು ಎರಡೇ ಕಡೆ: ಗುಜರಾತಿನ ದಾಹೋದ್, ನಮ್ಮ ಮೈಸೂರು. ಎರಡು ವರ್ಷದಲ್ಲಿ ದೇಶದಲ್ಲಿ ನಾನೂರು ದಾಟಿತು.

ಮೈಸೂರಿನ ಕೇಂದ್ರ ತೆರೆಯುವ ಹೊತ್ತಿಗೆ ಸುಷ್ಮಾಗೆ ಮೂತ್ರಪಿಂಡ ಕಸಿ ಆಗಿ ತಿಂಗಳು ಕಳೆದಿತ್ತು ಅಷ್ಟೇ. 2016ರ ಡಿಸೆಂಬರ್‌ನಲ್ಲಿ ಆದದ್ದು.

ಗುರುಗ್ರಾಮದ_ಕನ್ನಡಿಗ

2018ರಲ್ಲಿ ಲಖನೌ ಪಾಸ್‌ಪೋರ್ಟ್ ಕಚೇರಿಯ ಗಲಾಟೆ ನೆನಪಿದೆಯಾ? ಹಿಂದೂ ಮುಸ್ಲಿಂ ದಂಪತಿ, ಅಧಿಕಾರಿ ಅವಮಾನ ಮಾಡಿದ ಅಂತ ದೂರು. ಅಧಿಕಾರಿಯ ವರ್ಗಾವಣೆ ಆಯಿತು. ಆಮೇಲೆ ಸುಷ್ಮಾ ಮೇಲೆ ಮುಗಿಬಿದ್ದವರು ಯಾರು? ಅವರದೇ ಪಕ್ಷವನ್ನು ಮೆಚ್ಚುವ ಮಂದಿ. ಕಿಡ್ನಿ ಕಾಯಿಲೆಯನ್ನೂ ಬಿಡದೆ ಹೀಯಾಳಿಸಿದರು. ಅವರು ಆ ಬೈಗುಳಗಳನ್ನೇ ಎಲ್ಲರಿಗೂ ಕಾಣುವ ಹಾಗೆ ಹಾಕಿ ಇದು ಸರಿನಾ ಅಂತ ಜನರನ್ನೇ ಕೇಳಿದರು. ನಲವತ್ತು ವರ್ಷದ ರಾಜಕೀಯದ ಕೊನೆಗೆ, ಸ್ವಂತ ಮನೆ ಅಂದುಕೊಂಡ ಕಡೆಯಿಂದ. ಪಕ್ಷದ ದೊಡ್ಡವರು ಬಾಯಿ ಬಿಡೋಕೆ ತುಂಬಾ ದಿನ ತಗೊಂಡರು.

ಆ ವರ್ಷ ನವೆಂಬರ್‌ನಲ್ಲೇ ಇನ್ನು ಲೋಕಸಭೆಗೆ ನಿಲ್ಲಲ್ಲ, ಆರೋಗ್ಯ ಸರಿಯಿಲ್ಲ ಅಂತ ಘೋಷಿಸಿದರು. ತೀರಿಕೊಂಡದ್ದು 2019ರ ಆಗಸ್ಟ್ 6.

ಬಯಲುಸೀಮೆ_ಓದುಗ

ಇಷ್ಟೆಲ್ಲ ಓದಿದ ಮೇಲೆ ನನಗೆ ವಿದಿಶಾ ಇನ್ನೂ ಮುಖ್ಯ ಅನಿಸುತ್ತಿದೆ. 2009ರಲ್ಲಿ ಮಧ್ಯಪ್ರದೇಶದ ಆ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರವೇ ತಿರಸ್ಕಾರವಾಯಿತು. ಮೂರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಮತಗಳ ಗೆಲುವು. ವಾಜಪೇಯಿ ಕೂಡ ಒಮ್ಮೆ ಗೆದ್ದಿದ್ದ ಸೀಟು. ಅದು ಸಿಕ್ಕಾಗ ಸುಷ್ಮಾಗೆ 57. ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕ ತಕ್ಷಣ ಅದೇ ವರ್ಷ ವಿರೋಧ ಪಕ್ಷದ ನಾಯಕಿಯಾದರು. ಇಂಥ ಸೀಟು 1980ರಲ್ಲೇ ಸಿಕ್ಕಿದ್ದರೆ? ಅದೇ ನನ್ನ ಪ್ರಶ್ನೆ.

ಗುರುಗ್ರಾಮದ_ಕನ್ನಡಿಗ

1980ರಲ್ಲಿ ಅವರ ಪಕ್ಷದಲ್ಲಿ ಯಾರಿಗೂ ಗಟ್ಟಿ ಸೀಟು ಇರಲಿಲ್ಲ ಗುರೂ. 1984ರಲ್ಲಿ ಬಿಜೆಪಿಗೆ ಬಂದದ್ದೇ ದೇಶಕ್ಕೆಲ್ಲ ಎರಡು. ವಾಜಪೇಯಿ ಅವರೇ ಗ್ವಾಲಿಯರ್‌ನಲ್ಲಿ ಸೋತರು. ಅದನ್ನ ಹೆಂಗಸು ಗಂಡಸು ಅಂತ ನೋಡೋದು ಹೇಗೆ?

ಮಲ್ಲಿಗೆ_ಮೈಸೂರು

ಕರ್ನಾಲ್ ಬಿಡಿ, ಒಪ್ಪೋಣ. ದೆಹಲಿಗೆ ಉತ್ತರ ಕೊಡಿ. ಚುನಾವಣೆಗೆ ಆರು ವಾರ ಇದ್ದಾಗ ಯಾಕೆ ಕೊಟ್ಟರು, ಐದು ವರ್ಷ ಇದ್ದಾಗ ಯಾಕೆ ಕೊಡಲಿಲ್ಲ? ಅವರ ಸರ್ಕಾರವನ್ನು ಸೋಲಿಸಿದ ಶೀಲಾ ದೀಕ್ಷಿತ್‌ಗೆ ಕಾಂಗ್ರೆಸ್ ಪೂರ್ತಿ ಅವಧಿ ಕೊಟ್ಟಿತು, 15 ವರ್ಷ ಆಳಿದರು. ಹೆಂಗಸಿಗೆ ಸಮಯ ಕೊಟ್ಟರೆ ಏನಾಗುತ್ತದೆ ಅಂತ ಅದೇ ಊರಿನಲ್ಲೇ ಗೊತ್ತಾಯಿತಲ್ಲ.

ನಮ್ಮ ರಾಜ್ಯಕ್ಕೆ ಬನ್ನಿ. 2023ರಲ್ಲಿ 224 ಜನರಲ್ಲಿ ಗೆದ್ದ ಹೆಂಗಸರು 10. ಟಿಕೆಟ್ ಹಂಚುವಾಗ "ಗೆಲ್ಲುವ ಸಾಮರ್ಥ್ಯ ನೋಡುತ್ತೇವೆ" ಅನ್ನುತ್ತಾರೆ. ಗೆಲ್ಲುವ ಸೀಟೇ ಕೊಡದೆ ಸಾಮರ್ಥ್ಯ ಎಲ್ಲಿ ನೋಡುತ್ತಾರೋ.

ಕೌಲ್‌ಬಜಾರ್_ಅಕ್ಕ

ಒಂದು ಮಾತು ಹೇಳದೆ ಇರೋಕಾಗ್ತಿಲ್ಲ. ಎಲ್ಲರೂ ಬಳ್ಳಾರಿ ಅಂದರೆ ಸುಷ್ಮಾ ಸೋನಿಯಾ ಅಂತೀರಿ. ಅವರಿಬ್ಬರೂ ಬರೋಕೆ ಮುಂಚೆ 1984, 1989, 1991, ಮೂರು ಸಲ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು ಬಸವರಾಜೇಶ್ವರಿ. ಅದಕ್ಕೂ ಮೊದಲು ರಾಜ್ಯದ ವಿಧಾನಸಭೆಯಲ್ಲಿದ್ದವರು. ನರಸಿಂಹರಾವ್ ಸರ್ಕಾರದಲ್ಲಿ ರಾಜ್ಯ ಸಚಿವೆಯಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ನೋಡಿಕೊಂಡರು. ಕನ್ನಡ ಕಲಿಯುವ ಅಗತ್ಯ ಇಲ್ಲದವರು! ಪಕ್ಷ ಅವರಿಗೆ ಗೆಲ್ಲುವ ಸೀಟು ಕೊಟ್ಟಿತ್ತು, ಅವರೂ ಗೆದ್ದು ತೋರಿಸಿದರು. ಒಬ್ಬ ಟಿವಿಯವನೂ ಲಾಡ್ಜ್ ಹಿಡಿದು ಬರಲಿಲ್ಲ, ಅದಕ್ಕೇ ಇರಬೇಕು ಯಾರಿಗೂ ನೆನಪಿಲ್ಲ.

ಗಣಿಧೂಳು

ಅಕ್ಕಾ, ನಮ್ಮ ಮಾವನಿಗೆ ಅವರ ಕಾಲದ ಚುನಾವಣೆ ಚೆನ್ನಾಗಿ ಗೊತ್ತು, ಆಗ ಕಾಂಗ್ರೆಸ್ಸಿಗೆ ಸೈಕಲ್ ಮೇಲೆ ಚೀಟಿ ಹಂಚಿದವರು. ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಕೇಳಿಕೊಂಡು ಬಂದು ಬೇರೆ ಚರ್ಚೆ ತೆರೆಯುತ್ತೇನೆ. ಅದರಲ್ಲಿ ರೆಡ್ಡಿಗಳ ಹೆಸರು ತೆಗೆಯಲ್ಲ, ನಂಬಿ.

ಬಯಲುಸೀಮೆ_ಓದುಗ

ತೆರೆಯಿರಿ. ಬಸವರಾಜೇಶ್ವರಿ ಅವರನ್ನು ಬಲ್ಲ ಮಾನ್ವಿ, ರಾಯಚೂರು ಕಡೆಯವರು ಯಾರಾದರೂ ಇದ್ದರೆ ಅಲ್ಲಿಗೇ ಬನ್ನಿ.